ತೋಟಾ ಸಿಕ್ಕಿಕೊಂಡಾಗ: ಹೊಸಬರಿಗೆ ಕೋವಿಯ ಮೊದಲ ಪಾಠ

ಸೊರಬ, ಶಿಕಾರಿಪುರದ ಕಡೆ ಭತ್ತ, ಮೆಕ್ಕೆಜೋಳ, ಅಡಿಕೆ ಬೆಳೆಯುವ ಕೆಲವು ಮನೆಗಳಲ್ಲಿ ಅಜ್ಜನ ಕಾಲದ ಕೋವಿ ಈಗಲೂ ಇದೆ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದು ಇಟ್ಟುಕೊಂಡದ್ದು. ಪರವಾನಗಿ ಮಗನ ಹೆಸರಿಗೆ, ಮೊಮ್ಮಗಳ ಹೆಸರಿಗೆ ವರ್ಗವಾಗುವ ಹೊತ್ತಿಗೆ ಕೋವಿಯನ್ನು ನೋಡಿಕೊಳ್ಳುತ್ತಿದ್ದ ಹಿರಿಯರು ಇರುವುದಿಲ್ಲ. ತೋಟಾ ಒಳಗೆ ಹೋಗುತ್ತಿಲ್ಲ, ಹೋದದ್ದು ಹೊರಗೆ ಬರುತ್ತಿಲ್ಲ, ಮಡಚಿದ ನಳಿಕೆ ಮುಚ್ಚುತ್ತಿಲ್ಲ: ಹೊಸಬರು ಮೊದಲು ತಡವರಿಸುವುದು ಈ ಮೂರು ಕಡೆ. ಆಗ ಬಲ ಹಾಕಬೇಡಿ. ಎಲ್ಲಿ ಉಜ್ಜುತ್ತಿದೆ ಎಂದು ಹುಡುಕಿ.

ಹುಡುಕುವ ಮೊದಲು ಕೋವಿ ಖಾಲಿ ಇದೆಯೇ ನೋಡಬೇಕು. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಮಾಧಾನವಿಲ್ಲ. ನಳಿಕೆಯ ಬಾಯಿ ಜನರಿಲ್ಲದ ಕಡೆಗೆ, ಬೆರಳು ಟ್ರಿಗರ್‌ನಿಂದ ಹೊರಗೆ. ತೋಟಾ ಕೋವಿಯಾದರೆ ಮಡಚಿ, ತೋಟಾ ತೆಗೆದು ಬೇರೆ ಕೋಣೆಯಲ್ಲಿಟ್ಟು, ನಳಿಕೆಯನ್ನು ಬೆಳಕಿಗೆ ಹಿಡಿದು ಆಚೆ ತುದಿಯವರೆಗೆ ನೋಡಿ. ನಳಿಕೆಯ ಬಾಯಿಂದ ಮಸಿ ತುಂಬಿ ಕೇಪು ಇಟ್ಟು ಹೊಡೆಯುವ ಕೇಪಿನ ಕೋವಿಯಲ್ಲಿ ಹಾಗೆ ಕಾಣುವುದಿಲ್ಲ. ಅದಕ್ಕೆ ನಳಿಕೆಯೊಳಗೆ ಇಳಿಸುವ ಸರಳು, ಅಂದರೆ ಗಜವೇ ಕಣ್ಣು. ಖಾಲಿ ನಳಿಕೆಯಲ್ಲಿ ಗಜ ಎಷ್ಟು ಆಳ ಹೋಗುತ್ತದೆಂದು ಅದರ ಮೇಲೆ ಒಂದು ಗುರುತು ಹಾಕಿಡಿ. ಗುರುತು ಮೇಲೆಯೇ ನಿಂತರೆ ಒಳಗೆ ಮಸಿ (ಸಿಡಿಮದ್ದು), ಚರೆ (ಸೀಸದ ಸಣ್ಣ ಗುಂಡು) ಇರಬಹುದು. ಹತ್ತಾರು ವರ್ಷ ಮೂಲೆಯಲ್ಲಿದ್ದ ಕೋವಿಯಲ್ಲೂ ಹಳೆಯ ಈಡು ಉಳಿದಿರುವ ಸಾಧ್ಯತೆ ಇದೆ, ಮತ್ತು ಆ ಮಸಿ ಹಳತಾಯಿತೆಂದು ಸತ್ತಿರುವುದಿಲ್ಲ. ಅದನ್ನು ಕೆದಕಬೇಡಿ, ಪರವಾನಗಿ ಇರುವ ರಿಪೇರಿಯವರೇ ತೆಗೆಯಲಿ.

ತೋಟಾ ಕೋವಿಯ ರಚನೆ ಸರಳ. ಮೇಲಿನ ಕೀಲಿ ಸರಿಸಿದರೆ ನಳಿಕೆ ಕೀಲಿನ ಮೇಲೆ ಬಾಗಿ ತೆರೆದುಕೊಳ್ಳುತ್ತದೆ. ತೋಟಾದ ಹಿಂದಿನ ಅಂಚನ್ನು ಹಿಡಿದಿರುವ ಚಿಕ್ಕ ತುಂಡು, ಅಂದರೆ ಎಕ್ಸ್‌ಟ್ರ್ಯಾಕ್ಟರ್, ಅದನ್ನು ಸ್ವಲ್ಪ ಮೇಲೆತ್ತಿ ಕೊಡುತ್ತದೆ. ನಮ್ಮಲ್ಲಿ ಹೆಚ್ಚು ಕಾಣುವುದು 12 ಬೋರ್. ನಳಿಕೆಗೆ ಸರಿಹೊಂದುವ 12 ಸೀಸದ ಗುಂಡುಗಳು ಒಂದು ಪೌಂಡ್ ತೂಗುತ್ತವೆ ಎಂಬ ಹಳೆಯ ಲೆಕ್ಕದಿಂದ ಆ ಹೆಸರು ಬಂದಿದೆ. ಅದೇ ಲೆಕ್ಕದಲ್ಲಿ 20 ಬೋರ್ ಎಂದರೆ ಇನ್ನೂ ಸಣ್ಣ ನಳಿಕೆ.

ತೋಟಾ ಬಿಗಿಯಾದರೆ ದೋಷ ತೋಟಾದ್ದೋ ಕೋವಿಯದ್ದೋ ಎಂದು ಬೇರ್ಪಡಿಸಿಕೊಳ್ಳಿ. ಮನೆಯೊಳಗೆ ಈ ಪರೀಕ್ಷೆ ಬೇಡ. ಮಸಿಯಿಲ್ಲದ ಡಮ್ಮಿ ತೋಟಾ ಸಿಗುತ್ತದೆ, ಅದನ್ನು ಬಳಸಿ. ಡಮ್ಮಿ ಸಲೀಸಾಗಿ ಕೂತು ನಿಮ್ಮ ತೋಟಾ ಕೂರದಿದ್ದರೆ ತಪ್ಪು ತೋಟಾದ್ದು. ಜೋಡುನಳಿಕೆಯಲ್ಲಿ ಒಂದೇ ಕಡೆ ಬಿಗಿಯಾದರೆ ಆ ಕಡೆಯ ಛೇಂಬರಿನಲ್ಲಿ, ಅಂದರೆ ತೋಟಾ ಕೂರುವ ಜಾಗದಲ್ಲಿ, ತುಕ್ಕೋ ಕಿಟ್ಟವೋ ಇದೆ. ಹಾಕುವಾಗ ಸಲೀಸು, ಈಡಾದ ಮೇಲೆ ಮಾತ್ರ ಕಚ್ಚಿಕೊಳ್ಳುತ್ತದೆ ಎಂದರೂ ಮೊದಲು ಛೇಂಬರಿನ ಒರಟನ್ನೇ ನೋಡಬೇಕು: ಈಡಿನ ಒತ್ತಡಕ್ಕೆ ತೋಟಾದ ಗೋಡೆ ಹಿಗ್ಗಿ ತುಕ್ಕಿನ ಗುಳಿಗಳಿಗೆ ಅಂಟುತ್ತದೆ. ನಳಿಕೆ ಪೂರ್ತಿ ಮುಚ್ಚದಿದ್ದರೆ ಎಕ್ಸ್‌ಟ್ರ್ಯಾಕ್ಟರ್ ಕೆಳಗೆ ಕಸ ಕೂತಿರುವುದೇ ಹೆಚ್ಚು. ಒಂದು ಮೆಕ್ಕೆಜೋಳದ ಸಿಪ್ಪೆಯ ಚೂರು ಸಾಕು. ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ತೆಗೆಯಿರಿ. ಮಂಡಿಗೆ ಕೊಟ್ಟು ಬಡಿದು ಮುಚ್ಚುವ ಅಭ್ಯಾಸದಿಂದ ಕೀಲು ಸಡಿಲವಾಗುತ್ತದೆ, ಆಮೇಲೆ ಆ ಕೋವಿಯನ್ನು ನಂಬುವಂತಿಲ್ಲ.

ಇನ್ನು ತೋಟಾ. ಮಳೆಗಾಲದ ತಿಂಗಳುಗಳಲ್ಲಿ ಕಾಗದದ ಹಳೆಯ ತೋಟಾ ತೇವ ಹೀರಿ ಊದಿಕೊಳ್ಳುತ್ತದೆ. ಪ್ಲಾಸ್ಟಿಕ್ಕಿನದು ಊದುವುದಿಲ್ಲ, ಆದರೆ ಅದರ ಹಿತ್ತಾಳೆ ಬುಡಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ಊದಿದ್ದನ್ನು ಬಿಸಿಲಿಗಿಟ್ಟು, ಒಲೆಯ ಮೇಲಿನ ಅಟ್ಟಕ್ಕಿಟ್ಟು ಒಣಗಿಸಿ ಬಳಸುವ ಆಸೆ ಬೇಡ. ಅದಕ್ಕಿಂತ ಅಪಾಯದ್ದು ಉದ್ದದ ವಿಚಾರ. 65 ಮಿಲಿಮೀಟರ್ ಛೇಂಬರಿನ ಹಳೆಯ ಕೋವಿಯಲ್ಲಿ 70 ಮಿಲಿಮೀಟರ್ ತೋಟಾ ಏನೂ ತಕರಾರಿಲ್ಲದೆ ಕೂರಬಹುದು. ಏಕೆಂದರೆ ತೋಟಾದ ಮೇಲೆ ಬರೆದಿರುವ ಉದ್ದ ಅದರ ಮಡಚಿದ ಬಾಯಿ ಬಿಚ್ಚಿದ ಮೇಲಿನದು. ಈಡಾದಾಗ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಸಲೀಸಾಗಿ ಹೋಯಿತೆಂದರೆ ಸರಿಯಾದ ತೋಟಾ ಎಂದು ತಿಳಿಯಬೇಡಿ. ನಳಿಕೆಯ ಬುಡದಲ್ಲಿ ಕೆತ್ತಿರುವ ಅಳತೆಯನ್ನು ಓದಿ, ಓದಲಾಗದಿದ್ದರೆ ಅಳೆಯಿಸಿ. ಹಾಗೆಯೇ 20 ಬೋರ್ ತೋಟಾ 12 ಬೋರ್ ನಳಿಕೆಯೊಳಗೆ ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ಖಾಲಿ ಎಂದುಕೊಂಡು ಹಿಂದೆ ಇನ್ನೊಂದು ಹಾಕಿ ಹೊಡೆದರೆ ನಳಿಕೆ ಸಿಡಿಯುತ್ತದೆ. ಎರಡು ಬೋರಿನ ತೋಟಾಗಳನ್ನು ಒಂದೇ ಚೀಲದಲ್ಲಿ ಎಂದೂ ಇಡಬೇಡಿ.

ಕೌಬಾಯ್ ಚಿತ್ರ ನೋಡಿದ ಹುಡುಗರು ಕೈಹಿಡಿಯ ಕೆಳಗಿನ ಲಿವರ್ ಎಳೆದು ಹೊಡೆಯುವ ರೈಫಲ್ಲಿನ ಬಗ್ಗೆ ಕೇಳುತ್ತಾರೆ. ಅಮೆರಿಕದ ವಿಂಚೆಸ್ಟರ್ 1873 ಅಂಥದ್ದು. ಅದರ ಪ್ರತಿರೂಪಗಳನ್ನು ಇಟಲಿಯ ಉಬರ್ಟಿ ಕಂಪನಿ ಈಗಲೂ ಮಾಡುತ್ತದೆ. ಅದರಲ್ಲಿ ನಳಿಕೆಯ ಕೆಳಗಿನ ಕೊಳವೆಯಲ್ಲಿ ಸಾಲಾಗಿ ಕೂತ ತೋಟಾಗಳನ್ನು ಸ್ಪ್ರಿಂಗ್ ಹಿಂದಕ್ಕೆ ತಳ್ಳುತ್ತದೆ. ಲಿವರ್ ಇಳಿಸಿದಾಗ ಪೆಟ್ಟಿಗೆಯಂಥ ಭಾಗವೊಂದು ಒಂದೇ ತೋಟಾವನ್ನು ಮೇಲೆತ್ತುತ್ತದೆ, ಲಿವರ್ ಏರಿಸಿದಾಗ ಬೋಲ್ಟ್ ಅದನ್ನು ಛೇಂಬರಿಗೆ ನೂಕುತ್ತದೆ. ತೋಟಾ ತುಸು ಉದ್ದವಾದರೆ ಪೆಟ್ಟಿಗೆ ಮೇಲೇಳದು. ಗಿಡ್ಡವಾದರೆ ಕೊಳವೆಯಲ್ಲಿ ಅದರ ಮುಂದಿರುವ ತೋಟಾದ ಬುಡ ಇಣುಕಿ ಅಡ್ಡ ನಿಲ್ಲುತ್ತದೆ. ಕೊಳವೆಯ ತುಕ್ಕು, ಸೋತ ಸ್ಪ್ರಿಂಗ್, ಲಿವರಿಗೆ ಉಜ್ಜುವ ಒರಟು ಅಂಚು, ತಕರಾರಿನ ಜಾಗ ಒಂದೆರಡಲ್ಲ. ಮಡಚುವ ಕೋವಿಯಲ್ಲಿ ಈ ಕೊಳವೆ, ಪೆಟ್ಟಿಗೆ ಯಾವುದೂ ಇಲ್ಲ. ಸುರಿಯುವ ಮಳೆಯ ಸೀಮೆಗೆ ಅದೇ ಒಳ್ಳೆಯದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಆದರೂ ಮಡಚುವ ಕೋವಿಗೆ ಕೀಲು ಬಿಗಿಯುವ ಕಾಯಿಲೆ ಇದೆ, ಅದಕ್ಕೆ ಹಲವು ಸಲ ಕಾರಣ ಮನೆಯ ಕೊಬ್ಬರಿ ಎಣ್ಣೆ. ಅದು ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಹೆಪ್ಪುಗಟ್ಟುತ್ತದೆ. ಅಡುಗೆ ಎಣ್ಣೆ ಯಾವುದೇ ಇರಲಿ, ಗಾಳಿ ತಾಗಿ ಕಾಲಕ್ರಮೇಣ ಅಂಟಾಗುತ್ತದೆ, ಆ ಅಂಟಿಗೆ ಧೂಳು ಮೆತ್ತುತ್ತದೆ. ಕೋವಿಗೆಂದೇ ಮಾಡಿದ ಅಥವಾ ಹೊಲಿಗೆ ಯಂತ್ರಕ್ಕೆ ಹಾಕುವ ತೆಳು ಖನಿಜ ಎಣ್ಣೆ ಬಳಸಿ. ಒಳಗೆ ಬಟ್ಟೆಯಲ್ಲಿ ಒರೆಸಿದಷ್ಟು, ಕೀಲಿಗೆ ಚೂರು ಗ್ರೀಸ್, ಅಷ್ಟೇ. ಛೇಂಬರಿನಲ್ಲಿ ಎಣ್ಣೆ ನಿಲ್ಲಬಾರದು. ಎಲ್ಲಿ ಉಜ್ಜುತ್ತಿದೆ ಎಂದು ತಿಳಿಯಲು ರಿಪೇರಿಯವರು ಒಂದು ಹಳೆಯ ಉಪಾಯ ಮಾಡುತ್ತಾರೆ: ದೀಪದ ಕಾಡಿಗೆಯನ್ನು ಲೋಹಕ್ಕೆ ತೆಳ್ಳಗೆ ಹಿಡಿಸಿ, ಮುಚ್ಚಿ ತೆರೆದು ನೋಡುತ್ತಾರೆ. ಕಾಡಿಗೆ ಅಳಿಸಿದ ಜಾಗವೇ ತಾಗುವ ಜಾಗ. ನೋಡುವುದನ್ನು ನೀವೂ ಮಾಡಬಹುದು. ಅಲ್ಲಿಗೆ ಅರ ಹಾಕುವುದು ನಿಮ್ಮ ಕೆಲಸವಲ್ಲ.

ಕೇಪಿನ ಕೋವಿಯ ತೊಂದರೆ ಬಹುಮಟ್ಟಿಗೆ ಕಪ್ಪು ಮಸಿಯ ಕಿಟ್ಟದ್ದು. ಅದು ಗಾಳಿಯ ತೇವ ಎಳೆದುಕೊಂಡು ಕಬ್ಬಿಣ ತಿನ್ನುತ್ತದೆ, ಕೇಪು ಕೂರುವ ಮೊಳೆಯ ತೂತನ್ನು ಕಟ್ಟುತ್ತದೆ. ಎಣ್ಣೆಗೆ ಅದು ಬಿಡುವುದಿಲ್ಲ, ನೀರಿಗೆ ಬಿಡುತ್ತದೆ. ಖಾಲಿ ನಳಿಕೆಯನ್ನು ಸಾಬೂನು ಬೆರೆಸಿದ ಬಿಸಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ ಸವರಿ. ತೋಟಾ ಬಿಚ್ಚಿ ಅದರ ಮಸಿಯನ್ನು ಕೇಪಿನ ಕೋವಿಗೆ ಹಾಕಿದರೆ ನಳಿಕೆ ಒಡೆಯುತ್ತದೆ.

ಈಡು ಹಾರದಿದ್ದರೆ ಕೂಡಲೇ ತೆರೆಯಬೇಡಿ. ಬಾಯಿ ಸುರಕ್ಷಿತ ದಿಕ್ಕಿಗೇ ಹಿಡಿದು ಕನಿಷ್ಠ ಒಂದು ನಿಮಿಷ ಕಾಯಿರಿ, ಮಸಿ ತಡವಾಗಿ ಹೊತ್ತಿಕೊಳ್ಳುವುದುಂಟು. ಕೇಪಿನ ಕೋವಿಗೆ ಇನ್ನೂ ಹೆಚ್ಚು ಕಾಯಬೇಕು. ಸದ್ದು ಎಂದಿಗಿಂತ ಮೆತ್ತಗೆ ಬಂದರೂ ನಿಲ್ಲಿಸಿ, ನಳಿಕೆಯಲ್ಲಿ ಏನಾದರೂ ಉಳಿದಿದೆಯೇ ನೋಡದೆ ಮತ್ತೊಂದು ಹಾಕಬೇಡಿ.

ಕೊನೆಗೆ ಕಾನೂನಿನ ಮಾತು. ಪರವಾನಗಿ ಇರುವುದು ಕೋವಿ ಇಟ್ಟುಕೊಳ್ಳಲು ಮಾತ್ರ, ಪ್ರಾಣಿ ಕೊಲ್ಲಲು ಅಲ್ಲ. ತೋಟಕ್ಕೆ ನುಗ್ಗುವ ಮಂಗ 2022ರ ತಿದ್ದುಪಡಿಯಲ್ಲಿ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಗೆ ಸೇರಿತು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಕೋವಿ ರಿಪೇರಿ ಮಾಡುವ ಅಂಗಡಿಗೂ ಪರವಾನಗಿ ಬೇಕು, ಊರಿನ ವೆಲ್ಡಿಂಗ್ ಅಂಗಡಿಗೆ ಒಯ್ಯುವಂತಿಲ್ಲ. ರಿಪೇರಿಗೆ ಒಯ್ಯುವಾಗ ನಿಮ್ಮ ಪರವಾನಗಿ ಪುಸ್ತಕ ಜೊತೆಗಿರಲಿ. ಯಾವ ನಳಿಕೆ, ಯಾವ ಅಳತೆಯ ತೋಟಾ, ತೆರೆಯುವಾಗ ಬಿಗಿಯೋ ಮುಚ್ಚುವಾಗಲೋ ಎಂದು ಒಂದು ಚೀಟಿಯಲ್ಲಿ ಬರೆದು ಕೊಡಿ, ರಿಪೇರಿಯವರ ಅರ್ಧ ಕೆಲಸ ಅಲ್ಲಿಗೇ ಆಗುತ್ತದೆ.