ಮಳೆಯಾಶ್ರಿತ ಹೊಲವೇ ಪಾಠಶಾಲೆ

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ಕರ್ನಾಟಕದ ಅತ್ಯಂತ ಒಣ ಪ್ರದೇಶಗಳಲ್ಲಿ ಸೇರಿವೆ. ವರ್ಷದ ಮಳೆ 500 ಮಿ.ಮೀ. ಆಸುಪಾಸು, ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳದ್ದು. ತೆಳುವಾದ ಕೆಂಪು ಮಣ್ಣಿನಲ್ಲಿ ಶೇಂಗಾ ಬೆಳೆದೇ ಚಳ್ಳಕೆರೆ ಎಣ್ಣೆ ಗಿರಣಿಗಳ ಊರೆಂದು ಹೆಸರಾಯಿತು. ಆದರೆ ವರ್ಷವರ್ಷವೂ ಅದೊಂದನ್ನೇ ಬಿತ್ತಿದ ಹೊಲದಲ್ಲಿ ಮಳೆ ತಪ್ಪಿದರೆ ಮನೆಗೆ ಕಾಳಿಲ್ಲ, ದನಕ್ಕೆ ಮೇವಿಲ್ಲ. ನವಣೆ, ಸಜ್ಜೆ, ಹುರುಳಿ, ತೊಗರಿಗಳನ್ನು ಅಕ್ಕಡಿ ಸಾಲುಗಳಾಗಿ ಬಿತ್ತುತ್ತಿದ್ದ ಹಿರಿಯರ ತಿಳಿವಳಿಕೆ ಓದು ಕಲಿತ ಮಕ್ಕಳಿಗೇ ದೊರೆಯದೆ ಹೋಗುವುದು ವಿಷಾದದ ಸಂಗತಿ.

1937ರಲ್ಲಿ ವಾರ್ಧಾದಲ್ಲಿ ಮಹಾತ್ಮ ಗಾಂಧಿಯವರು ಮುಂದಿಟ್ಟ ಮೂಲಶಿಕ್ಷಣವು ಕೈಕೆಲಸವನ್ನೇ ಕಲಿಕೆಯ ಕೇಂದ್ರವಾಗಿಸಿತು. ಮಕ್ಕಳ ದುಡಿಮೆಯ ಉತ್ಪನ್ನದಿಂದಲೇ ಶಾಲೆಯ ವೆಚ್ಚ ಹೊರಡಬೇಕೆಂಬ ಅಪೇಕ್ಷೆಯೂ ಅದರಲ್ಲಿತ್ತು. ಈ ಎರಡನೆಯ ಮಾತು ಬರಸೀಮೆಗೆ ಒಪ್ಪತಕ್ಕದ್ದಲ್ಲ. ಶಾಲೆಯ ಹೊಲ ಆದಾಯ ತರಲೇಬೇಕೆಂದಾದರೆ ಕೊಳವೆಬಾವಿ ಕೊರೆಸುವ ಮನಸ್ಸಾಗುತ್ತದೆ. ನೀರುಣಿಸಿದ ತೋಟ ಅತಿಥಿಗಳ ಕಣ್ಣಿಗೆ ಹಬ್ಬವಾದೀತು. ಮಳೆಯನ್ನೇ ನಂಬಿದ ರೈತನ ಮಗನಿಗೆ ಅದು ಕಲಿಸುವುದು ಅತ್ಯಲ್ಪ. ತಂದೆಯ ಹೊಲಕ್ಕಿಲ್ಲದ ನೀರು ಶಾಲೆಯ ಹೊಲಕ್ಕೂ ಇರಬಾರದು.

ಅದೃಷ್ಟವಶಾತ್ ಶೇಂಗಾ ಬೆಳೆಯ ಕಾಲ ಶಾಲೆಯ ವರ್ಷಕ್ಕೆ ಹೊಂದುತ್ತದೆ. ಶಾಲೆ ತೆರೆದ ಮೇಲೆ ಬಿತ್ತನೆ. ದಸರಾ ರಜೆಯ ಆಚೀಚೆ ಕೊಯ್ಲು. ಸಮನಾದ ಎರಡು ತುಂಡುಗಳಲ್ಲಿ ಒಂದಕ್ಕೆ ಬರಿಯ ಶೇಂಗಾ, ಮತ್ತೊಂದಕ್ಕೆ ಶೇಂಗಾದೊಡನೆ ತೊಗರಿಯ ಸಾಲು ಹಾಕಿಸಬೇಕು. ಮೂರು ಕೋಲು, ಒಂದು ದಾರ, ಒಂದು ಕಲ್ಲು ಇದ್ದರೆ ನೆಲದ ಸಮಮಟ್ಟ ಗುರುತಿಸುವ ಸಾಧನ ಸಿದ್ಧ. ರೇಖಾಗಣಿತಕ್ಕೆ ಬೇರೆ ಪಾಠ ಬೇಡ. ಆ ಗುರುತಿನ ಮೇಲೆ ಮಕ್ಕಳೇ ಬದು ಹಾಕಲಿ. ಪ್ರತಿ ಮಳೆಯ ಮರುದಿನ ಬದುವಿನ ಮೇಲೂ ಕೆಳಗೂ ಗುಳಿ ತೋಡಿ, ಹಸಿ ಎಷ್ಟು ಅಂಗುಲ ಇಳಿದಿದೆಯೆಂದು ಅಳೆದು ಬರೆದಿಡಲಿ. ಶೇಂಗಾ ಗಿಡವನ್ನು ಕಿತ್ತು ಬೇರಿನ ಗಂಟನ್ನು ಸೀಳಿದರೆ ಒಳಗೆ ನಸುಗೆಂಪು ಕಾಣುವುದು. ಗಾಳಿಯ ಸಾರಜನಕವನ್ನು ಸೂಕ್ಷ್ಮಜೀವಿಗಳು ಗಿಡಕ್ಕೆ ಒದಗಿಸುತ್ತಿರುವುದಕ್ಕೆ ಅದೇ ಸಾಕ್ಷಿ. ಹೂ ಉದುರಿದ ಬಳಿಕ ಅದರ ತೊಟ್ಟು ಮಣ್ಣಿಗಿಳಿದು ಕಾಯಾಗುವುದನ್ನು ಕಂಡ ವಿದ್ಯಾರ್ಥಿಗೆ, ಆ ಹೊತ್ತಿನಲ್ಲಿ ಹಸಿ ಆರಿ ನೆಲ ಬಿರುಸಾದರೆ ಇಳುವರಿ ಏಕೆ ಕುಗ್ಗುವುದೆಂದು ವಿವರಿಸುವ ಅಗತ್ಯವಿಲ್ಲ.

ಕುರಿಮಂದೆಗಳಿಗೆ ಈ ಸೀಮೆಯಲ್ಲಿ ಕೊರತೆಯಿಲ್ಲ. ಬಿತ್ತನೆಗೆ ಮುಂಚೆ ಕೆಲವು ರಾತ್ರಿ ಮಂದೆಯನ್ನು ಹೊಲದಲ್ಲಿ ನಿಲ್ಲಿಸಿದರೆ ಗೊಬ್ಬರವೂ ಗಂಜಲವೂ ನೆಲ ಸೇರುತ್ತವೆ. ಆ ದಿನದ ಮಟ್ಟಿಗೆ ಕುರಿಗಾರನೇ ಉಪಾಧ್ಯಾಯ; ಅವನಿಗೆ ಸಲ್ಲುವ ಸಂಭಾವನೆ ಅಕ್ಷರ ಕಲಿಸುವವರಿಗಿಂತ ಕಡಿಮೆಯಾಗಬಾರದು.

ಬೆಳೆ ಒಣಗಿದ ವರ್ಷ ಹೊಲವನ್ನು ಉತ್ತು ಮರೆಮಾಡಬಾರದು. ಆಳಕ್ಕೆ ಬೇರಿಳಿಸುವ ತೊಗರಿ ಹಿಂಗಾರಿನ ಹನಿಗೆ ಚೇತರಿಸಿಕೊಂಡಿತೇ, ಮೇವು ಎಷ್ಟು ಸಿಕ್ಕಿತು ಎಂಬ ಲೆಕ್ಕ ಎರಡೂ ತುಂಡುಗಳಿಂದ ಬರಬೇಕು. ದಾನಿಗಳ ನೆರವು ಇದಕ್ಕೆ ಬೇಕಾದೀತು: ಒಂದು ಮಳೆಮಾಪಕ, ಬೇಲಿ, ಬೀಜ ಕಾಪಿಡಲು ಒಂದು ಕೋಣೆ, ಮತ್ತು ಫಸಲು ಬಾರದ ವರ್ಷವೂ ಹೊಲದ ಖರ್ಚು ತೂಗಿಸುವಷ್ಟು ನಿಧಿ.