ಉಣ್ಣೆ ಕೀಳುವವರಿಗೊಂದು ಕಿವಿಮಾತು

ಸೊಲ್ಲಾಪುರ, ಅಕ್ಕಲಕೋಟೆಗಳ ಸೀಮೆಯಲ್ಲಿ ಕುರಿಹಟ್ಟಿಯನ್ನೂ ಹೊಲಮನೆಯನ್ನೂ ಕಾಯುವ ನಾಯಿಗಳ ಕಿವಿ, ಕೊರಳು, ಬೆರಳಸಂದುಗಳಲ್ಲಿ ಉಣ್ಣೆ ಕಚ್ಚಿರುವುದನ್ನು ಕಂಡೊಡನೆ ಸೀಮೆಎಣ್ಣೆ ಸುರಿಯುವುದಾಗಲಿ, ಬೀಡಿಯ ಕೆಂಡ ಮುಟ್ಟಿಸುವುದಾಗಲಿ, ಬೆರಳಿನಿಂದ ಹಿಸುಕುವುದಾಗಲಿ ಸರ್ವಥಾ ಸಲ್ಲದು. ಇವು ನಾಯಿಗೆ ಯಾತನೆಯನ್ನುಂಟುಮಾಡುವುದಲ್ಲದೆ, ಉಣ್ಣೆಯೊಡಲಿನ ರೋಗಾಣುಗಳನ್ನು ಗಾಯದೊಳಕ್ಕೆ ನೂಕಲೂಬಹುದು. ಕೈಗವಸು ತೊಟ್ಟು, ಸಣ್ಣ ಚಿಮಟಿಗೆಯಿಂದ ಅದನ್ನು ಚರ್ಮಕ್ಕೆ ತೀರ ಸಮೀಪದಲ್ಲಿ ಹಿಡಿದು, ತಿರುಚದೆ, ನಿಧಾನವಾಗಿ ನೇರಕ್ಕೆ ಎಳೆದು ಸ್ಪಿರಿಟ್ಟಿನಲ್ಲಿ ಮುಳುಗಿಸಿರಿ. ತರುವಾಯ ಗಾಯವನ್ನು ಸಾಬೂನು ನೀರಿನಿಂದ ತೊಳೆದು ಪೊವಿಡೋನ್ ಅಯೋಡಿನ್ ಲೇಪಿಸಿರಿ. ಬಾಯಿಯ ತುಣುಕು ಒಳಗುಳಿದರೆ ಕೆದಕದಿರಿ. ದನಕರುಗಳಿಗೆಂದು ತಂದ ಔಷಧವನ್ನು ವೈದ್ಯರ ಅನುಮತಿಯಿಲ್ಲದೆ ನಾಯಿಗೆ ಹಚ್ಚದಿರಿ. ಮುಂದಿನ ವಾರಗಳಲ್ಲಿ ಜ್ವರ, ಅನ್ನದ್ವೇಷ, ಬಿಳಿಚಿದ ವಸಡು, ಮೂಗಿನ ರಕ್ತಸ್ರಾವಗಳಲ್ಲಿ ಯಾವುದೊಂದು ತೋರಿದರೂ ವಿಳಂಬಿಸದೆ ಪಶುವೈದ್ಯರಲ್ಲಿಗೆ ಕೊಂಡೊಯ್ಯಿರಿ. ಗೋಡೆಬಿರುಕುಗಳಲ್ಲಿ ಉಣ್ಣೆ ಮೊಟ್ಟೆಯಿಡುವುದರಿಂದ ನಾಯಿ ಮಲಗುವ ಎಡೆಯನ್ನೂ ಶುದ್ಧಿಗೊಳಿಸಿರಿ.