ಇಂಗ್ಲಿಷಿನಲ್ಲಿ ‘ಆಯಿತು’ ಮತ್ತು ‘ಆಗಿದೆ’

ಊರಿನಿಂದ ಡೊಂಬಿವಲಿಗೋ ಕಲ್ಯಾಣಕ್ಕೋ ಬಂದು ನೆಲೆಸಿದ ವೃದ್ಧ ತಂದೆತಾಯಿಗಳು ಕಾಯಿಲೆ ಬಿದ್ದಾಗ, ಅವರ ಪರವಾಗಿ ವೈದ್ಯರೊಡನೆ ಮಾತನಾಡುವವರು ಮಗನೋ ಸೊಸೆಯೋ ಆಗಿರುತ್ತಾರೆ. ಆ ಮಾತು ಅನೇಕ ವೇಳೆ ಇಂಗ್ಲಿಷಿನಲ್ಲಿ ನಡೆಯುತ್ತದೆ. “ಹೀ ವಾಸ್ ಆನ್ ದಿಸ್ ಟ್ಯಾಬ್ಲೆಟ್ ಫಾರ್ ಟೂ ಇಯರ್ಸ್” ಎಂದರೆ, ಎರಡು ವರ್ಷ ಮಾತ್ರೆ ಸೇವಿಸಿ ಬಿಟ್ಟರು ಎಂದು ವೈದ್ಯರು ತಿಳಿಯುತ್ತಾರೆ. “ಹೀ ಹ್ಯಾಸ್ ಬೀನ್ ಆನ್ ದಿಸ್ ಟ್ಯಾಬ್ಲೆಟ್ ಫಾರ್ ಟೂ ಇಯರ್ಸ್” ಎಂದರೆ, ಇಂದಿಗೂ ಸೇವಿಸುತ್ತಿದ್ದಾರೆ ಎಂದರ್ಥ. ರಕ್ತದೊತ್ತಡದ ಮಾತ್ರೆಯ ವಿಷಯದಲ್ಲಿ ಈ ಅಂತರ ಬರಿಯ ವ್ಯಾಕರಣದ್ದಲ್ಲ.

ಮೊದಲನೆಯದು ಸಿಂಪಲ್ ಪಾಸ್ಟ್, ಅಂದರೆ ಸಾಮಾನ್ಯ ಭೂತಕಾಲ. ಮುಗಿದುಹೋದ ಕಾಲದಲ್ಲಿ ಮುಗಿದ ಕ್ರಿಯೆಯನ್ನು ಅದು ಹೇಳುತ್ತದೆ. ಎರಡನೆಯದು ಪ್ರೆಸೆಂಟ್ ಪರ್ಫೆಕ್ಟ್. ಹಿಂದೆ ನಡೆದುದನ್ನು ಅದು ಇಂದಿನೊಡನೆ ಜೋಡಿಸುತ್ತದೆ. ಬೋರಿಬಂದರದಿಂದ ಥಾಣೆಗೆ ಮೊದಲ ಪ್ರಯಾಣಿಕರ ರೈಲು ಓಡಿದ್ದು 1853ರ ಏಪ್ರಿಲ್ 16ರಂದು. ಆ ದಿನದ ಓಟಕ್ಕೆ ‘ರ‍್ಯಾನ್’ ಸಲ್ಲುತ್ತದೆ. ಅಂದಿನಿಂದ ಇಂದಿನವರೆಗೂ ಥಾಣೆಗೆ ರೈಲುಗಳು ಓಡುತ್ತ ಬಂದಿವೆ ಎನ್ನಲು ‘ಹ್ಯಾವ್ ರನ್ ಸಿನ್ಸ್ 1853’ ಎನ್ನಬೇಕು.

ಕನ್ನಡದಲ್ಲಿಯೂ ‘ಲೋಕಲ್ ಹೋಯಿತು’, ‘ಲೋಕಲ್ ಹೋಗಿದೆ’ ಎಂಬ ಭೇದವುಂಟು. ಆದರೆ ಎರಡು ಕಡೆ ಕನ್ನಡದ ರೂಢಿ ಇಂಗ್ಲಿಷಿನಲ್ಲಿ ದಾರಿ ತಪ್ಪಿಸುತ್ತದೆ.

ಒಂದು: ‘ನಿನ್ನೆ ಇಂಜೆಕ್ಷನ್ ಕೊಟ್ಟಿದ್ದಾರೆ’ ಎಂಬುದು ಕನ್ನಡದಲ್ಲಿ ಸಹಜ. ಇಂಗ್ಲಿಷಿನಲ್ಲಿ ‘ಯೆಸ್ಟರ್‌ಡೇ’, ‘ಲಾಸ್ಟ್ ವೀಕ್’ ಮುಂತಾದ ಮುಗಿದ ಕಾಲದ ಪದ ಬಂದೊಡನೆ ‘ಹ್ಯಾವ್’, ‘ಹ್ಯಾಸ್’ ಹಿಂದೆ ಸರಿಯಬೇಕು. “ದೇ ಗೇವ್ ಹರ್ ಆ್ಯನ್ ಇಂಜೆಕ್ಷನ್ ಯೆಸ್ಟರ್‌ಡೇ” ಎಂಬುದೇ ಸರಿ.

ಎರಡು: ‘ಮೂರು ದಿನದಿಂದ ಜ್ವರವಿದೆ’ ಎಂಬಲ್ಲಿ ಕನ್ನಡಕ್ಕೆ ವರ್ತಮಾನಕಾಲವೇ ಸಾಕು; ನೆರೆಯ ಮರಾಠಿಯ ರೀತಿಯೂ ಅದೇ. ಇಂಗ್ಲಿಷಿನಲ್ಲಿ “ಶೀ ಹ್ಯಾಸ್ ಹ್ಯಾಡ್ ಫೀವರ್ ಫಾರ್ ತ್ರೀ ಡೇಸ್” ಎನ್ನಬೇಕು. ‘ಹ್ಯಾಸ್’ ಬಿಟ್ಟರೆ ಜ್ವರ ಇಳಿದಿದೆ ಎಂಬ ಅರ್ಥವಾಗುತ್ತದೆ. ‘ದಿನದಿಂದ’, ‘ಸೋಮವಾರದಿಂದ’ ಎರಡಕ್ಕೂ ಕನ್ನಡದಲ್ಲಿ ‘ಇಂದ’ ಒಂದೇ ಆದುದರಿಂದ ‘ಸಿನ್ಸ್ ತ್ರೀ ಡೇಸ್’ ಎಂಬ ತಪ್ಪು ನುಸುಳುತ್ತದೆ. ಅವಧಿಗೆ ‘ಫಾರ್’, ಆರಂಭದ ದಿನಕ್ಕೆ ‘ಸಿನ್ಸ್’ ಎಂದು ನೆನಪಿಟ್ಟರೆ ಸಾಕು.

ಯಾವ ಔಷಧಿಯಾದರೂ ಎಂದಾದರೂ ಮೈಗೆ ಒಗ್ಗದೆ ಹೋದದ್ದುಂಟೆ ಎಂದು ಕೇಳುವಾಗ ವೈದ್ಯರು “ಹ್ಯಾಸ್ ಶೀ ಎವರ್...” ಎಂದು ಆರಂಭಿಸುತ್ತಾರೆ, ಅಲ್ಲಿ ಕಾಲ ಗೊತ್ತಾಗಿಲ್ಲ. ‘ಯಾವಾಗ’ ಎಂಬ ಮರುಪ್ರಶ್ನೆ ಬಂದೊಡನೆ ಮಾತು ಸಿಂಪಲ್ ಪಾಸ್ಟ್‌ಗೆ ತಿರುಗುತ್ತದೆ. ಅಮೆರಿಕೆಯವರು ‘ಐ ಆಲ್‌ರೆಡಿ ಏಟ್’ ಎನ್ನುವುದೂ ಉಂಟು. ಬ್ರಿಟಿಷರ ರೂಢಿ ‘ಐ ಹ್ಯಾವ್ ಆಲ್‌ರೆಡಿ ಈಟನ್’.

ಅಭ್ಯಾಸ: ಇವನ್ನು ಇಂಗ್ಲಿಷಿನಲ್ಲಿ ಹೇಳಿರಿ.
1. ಅಮ್ಮ ಸೋಮವಾರ ಬಿದ್ದರು.
2. ಅಂದಿನಿಂದ ಮೊಣಕಾಲು ನೋವಿದೆ.
3. ನಿನ್ನೆ ವಾಶಿಗೆ ಕರೆದೊಯ್ದಿದ್ದೇವೆ.

ಉತ್ತರ:
1. ಶೀ ಫೆಲ್ ಆನ್ ಮಂಡೇ.
2. ಹರ್ ನೀ ಹ್ಯಾಸ್ ಹರ್ಟ್ ಸಿನ್ಸ್ ದೆನ್.
3. ವೀ ಟುಕ್ ಹರ್ ಟು ವಾಶಿ ಯೆಸ್ಟರ್‌ಡೇ.

ಗಡಿಬಿಡಿಯಲ್ಲಿ ಕ್ರಿಯಾರೂಪ ಹೊಳೆಯದಿದ್ದರೆ ‘ಸ್ಟಿಲ್ ಟೇಕಿಂಗ್’ ಅಥವಾ ‘ಸ್ಟಾಪ್ಡ್’ ಎಂದು ಸ್ಪಷ್ಟವಾಗಿ ಸೇರಿಸಬೇಕು. ಮಾತ್ರೆ ಆರಂಭಿಸಿದ ದಿನ, ನಿಲ್ಲಿಸಿದ ದಿನಗಳನ್ನು ಚೀಟಿಯಲ್ಲಿ ಬರೆದೊಯ್ದರೆ ಇನ್ನೂ ಕ್ಷೇಮ. ವ್ಯಾಕರಣವನ್ನು ನಿಧಾನವಾಗಿ ಕಲಿಯಬಹುದು. ಔಷಧಿಯ ವಿವರ ಮಾತ್ರ ಅಂದೇ ಸರಿಯಾಗಿ ತಲುಪಬೇಕು.